ಬಿಸಿಲೂರಿನ ಓಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಓಟದ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇವೆ. ಕೇಳಿದ್ದು ಬೇರೆ ಬೇರೆ, ಒಳಗಿನ ಅಳಲು ಮಾತ್ರ ಒಂದೇ: "ಶುರು ಮಾಡ್ತೀವಿ, ಮನಸ್ಸು ನಿಲ್ಲೂದಿಲ್ಲ." ಮನಸ್ಸಿನ ಮೇಲೆ ತಪ್ಪು ಹೊರಿಸುವ ಮೊದಲು ವೇಗ, ಹೊತ್ತು, ನೆಲ, ನಿದ್ದೆ ಈ ನಾಲ್ಕನ್ನು ನೋಡಿ ಅನ್ನುವುದು ನಮ್ಮ ಹಠ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದರಿಂದ ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇವೆ.

ವಯಸ್ಸು 38, ಪ್ರೌಢಶಾಲೆ ಶಿಕ್ಷಕ. ಎರಡು ವರ್ಷದಾಗ ನಾಲ್ಕು ಸಲ ಓಡೋದು ಶುರು ಮಾಡಿ, ನಾಲ್ಕೂ ಸಲ ಮೂರನೇ ವಾರಕ್ಕ ಬಿಟ್ಟೀನಿ. ಮೊದಲ ದಿನ ಭಾಳ ಹುರುಪು ಇರ್ತದ. ಆಮ್ಯಾಲೆ ಅಲಾರಂ ಎಷ್ಟು ಹೊಡಕೊಂಡ್ರೂ ಏಳ್ಲಿಕ್ಕೆ ಆಗೂದಿಲ್ಲ. ನನಗ ಛಲ ಕಮ್ಮಿ ಅನ್ನಿಸ್ಲಿಕತ್ತದ. ಏನ್ ಮಾಡ್ಲಿ? — ರಾಯಚೂರು

ನಾಲ್ಕು ಸಲ ಮತ್ತೆ ಮತ್ತೆ ಶುರು ಮಾಡಿದವರಿಗೆ ಛಲ ಕಮ್ಮಿ ಅನ್ನಲು ಬರುವುದಿಲ್ಲ ಸರ್. ನಾಲ್ಕೂ ಸಲ ಮೂರನೇ ವಾರ ಎಂದಿರಲ್ಲ, ಸುಳಿವು ಅಲ್ಲಿದೆ.

ಓಡಲು ತೊಡಗಿದ ಎರಡು-ಮೂರು ವಾರದಲ್ಲಿ ಉಸಿರು ಸುಧಾರಿಸುತ್ತದೆ. ಹೃದಯ, ರಕ್ತ ಬೇಗ ಹೊಂದಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳಿಗೆ ತಿಂಗಳುಗಳೇ ಬೇಕು. ದಮ್ಮು ಸಾಲುತ್ತಿದೆ ಎಂದು ನೀವು ವೇಗ ಹೆಚ್ಚಿಸುತ್ತೀರಿ, ಕಾಲು ಅದನ್ನು ತಾಳುವುದಿಲ್ಲ. ಮೀನಖಂಡ ಬಿಗಿಯುತ್ತದೆ, ಮೊಣಕಾಲು ನೋಯುತ್ತದೆ, ಮಧ್ಯಾಹ್ನದ ಪಿರಿಯಡ್‌ನಲ್ಲಿ ಕಣ್ಣು ಎಳೆಯುತ್ತದೆ. ಅಂಥ ಮೈ ಹೊತ್ತುಕೊಂಡು ನಸುಕಿನಲ್ಲಿ ಏಳಲು ಯಾರ ಮನಸ್ಸೂ ಒಪ್ಪುವುದಿಲ್ಲ. ಸೋಮಾರಿತನ ಎಂದು ನಾವು ಕರೆಯುವುದು ಎಷ್ಟೋ ಸಲ ದಣಿದ ಮೈ ಹೇಳುವ "ಇವತ್ತು ಬೇಡ" ಅಷ್ಟೇ.

ಹಾಗಾಗಿ ಮೊದಲ ಕೆಲಸ ವೇಗ ಇಳಿಸುವುದು. ಓಡುತ್ತಲೇ ನಾಲ್ಕು ಸಾಲಿನ ವಚನವೊಂದನ್ನು ಬಾಯಿಬಿಟ್ಟು ಹೇಳಿ ನೋಡಿ. ಸಾಲಿನ ನಡುವೆ ಉಸಿರು ತುಂಡಾಗದೆ ಹೇಳಲು ಬಂದರೆ ವೇಗ ಸರಿಯಿದೆ. ಪ್ರತಿ ಎರಡು ಪದಕ್ಕೆ ಏದುಸಿರು ಬಂದರೆ ಇಳಿಸಿ, ಬೇಕಾದರೆ ನಡೆಯಿರಿ. ಪಕ್ಕದಲ್ಲಿ ಜೋರಾಗಿ ನಡೆಯುವವರು ನಿಮ್ಮನ್ನು ದಾಟಿ ಹೋದರೂ ನಾಚಿಕೆ ಬೇಡ. ಲೋಕದ ದೊಡ್ಡ ದೂರದ ಓಟಗಾರರೂ ತಮ್ಮ ಅಭ್ಯಾಸದ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲನ್ನು ಮಾತಾಡಬಹುದಾದ ವೇಗದಲ್ಲೇ ಓಡುತ್ತಾರೆ.

ವಾರಕ್ಕೆ ಮೂರು ದಿನ ಸಾಕು: ಮಂಗಳವಾರ, ಗುರುವಾರ, ಶನಿವಾರ. ಪ್ರತಿ ಸಲವೂ ಮೊದಲಿಗೆ 5 ನಿಮಿಷ ನಡಿಗೆ, ಕೊನೆಗೂ 5 ನಿಮಿಷ ನಡಿಗೆ. ಮೊದಲ ಎರಡು ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ. ಮೂರು-ನಾಲ್ಕನೇ ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ. ಐದು-ಆರನೇ ವಾರ 4 ನಿಮಿಷ ಓಡಿ 2 ನಿಮಿಷ ನಡೆಯುವುದು, ನಾಲ್ಕು ಸಲ. ಏಳು-ಎಂಟರಲ್ಲಿ 8 ನಿಮಿಷ ಓಟ, 2 ನಿಮಿಷ ನಡಿಗೆ, ಮೂರು ಸಲ. ಒಂಬತ್ತನೇ ವಾರ 12 ನಿಮಿಷದ ಎರಡು ಓಟ, ನಡುವೆ 2 ನಿಮಿಷ ನಡಿಗೆ. ಹತ್ತನೇ ವಾರ 25 ನಿಮಿಷ ನಿಲ್ಲದೆ ಓಡುತ್ತೀರಿ. ನಿಮಗೆ ಕಂಟಕವಾದ ಆ ಮೂರನೇ ವಾರದಲ್ಲಿ ಒಂದು ದಿನದ ಓಟ ಬರೀ 12 ನಿಮಿಷ. "ಇಷ್ಟೇನಾ?" ಅನ್ನಿಸಬೇಕು. ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಮನೆಗೆ ಹೋಗಿ. ಇನ್ನಷ್ಟು ಓಡಬೇಕೆಂಬ ಆಸೆ ಉಳಿದರೆ ಗುರುವಾರ ಅದೇ ನಿಮ್ಮನ್ನು ಎಬ್ಬಿಸುತ್ತದೆ.

ಇನ್ನು ಅಲಾರಂ. ಬೆಳಗಿನ ಅಲಾರಂ ಕೆಲಸ ಮಾಡದಿದ್ದರೆ ರಾತ್ರಿಗೊಂದು ಇಟ್ಟುಕೊಳ್ಳಿ. 5 ಗಂಟೆಗೆ ಏಳುವವರು 10ಕ್ಕೆ ಮಲಗಿರಬೇಕು, ಅಂದರೆ 9:40ಕ್ಕೆ ಮೊಬೈಲ್ ಕೈಯಿಂದ ಇಳಿಯಬೇಕು. ಬಟ್ಟೆ, ಸಾಕ್ಸ್, ಶೂಗಳನ್ನು ರಾತ್ರಿಯೇ ಬಾಗಿಲ ಹತ್ತಿರ ಜೋಡಿಸಿಡಿ. ಅರೆನಿದ್ದೆಯಲ್ಲಿ ಸಾಕ್ಸ್ ಹುಡುಕುವ ಮೂರು ನಿಮಿಷದಲ್ಲೇ ಅರ್ಧ ಜನ ಮತ್ತೆ ಹಾಸಿಗೆ ಸೇರುತ್ತಾರೆ. ಹೊರಟ ಮೇಲೆ ನಿಮ್ಮೊಂದಿಗೇ ಹತ್ತು ನಿಮಿಷದ ಕರಾರು ಮಾಡಿಕೊಳ್ಳಿ: ಹತ್ತು ನಿಮಿಷ ಹೊರಗಿದ್ದು, ಆಗಲೂ ಬೇಡವೆನಿಸಿದರೆ ವಾಪಸ್. ವಾಪಸ್ ಬಂದ ದಿನವೂ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅದೂ ಲೆಕ್ಕವೇ.

ಒಂದು ದಿನ ತಪ್ಪಬಹುದು, ಒಂದರ ಹಿಂದೊಂದು ಎರಡು ಸರದಿ ತಪ್ಪಬಾರದು. ತಪ್ಪಿದ್ದನ್ನು ಮರುದಿನ ಸೇರಿಸಿ ಓಡುವುದಂತೂ ಬೇಡವೇ ಬೇಡ. ಮಾರ್ಚ್-ಏಪ್ರಿಲ್‌ನಲ್ಲಿ ಪರೀಕ್ಷೆ, ಮೌಲ್ಯಮಾಪನ ಎಂದು ನಿಮ್ಮ ದಿನಚರಿ ಚೆಲ್ಲಾಪಿಲ್ಲಿಯಾಗುತ್ತದೆ. ಆ ತಿಂಗಳಿಗೆ ಈಗಲೇ ಬೇರೆ ಯೋಜನೆ ಬರೆದಿಡಿ: ವಾರಕ್ಕೆ ಎರಡು ದಿನ, 15 ನಿಮಿಷ. ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ವೇಗ ಹಾಕುವ ಚಟದಿಂದ ಮೊದಲ ಮೂರು ತಿಂಗಳು ದೂರವಿರಿ. ಆ ಅಂಕಿಗಾಗಿ ಓಡಿ ಕಾಲು ಕೆಡಿಸಿಕೊಂಡವರು ಬೇಕಾದಷ್ಟು.

ಬ್ಯಾಂಕ್ ಉದ್ಯೋಗಿ, ಒಂದು ವರ್ಷದಿಂದ ವಾರಕ್ಕೆ 25 ಕಿ.ಮೀ. ಓಡುತ್ತೇನೆ. ಮಾರ್ಚ್ ಬಂತೆಂದರೆ ಎಲ್ಲ ನಿಂತುಹೋಗುತ್ತದೆ. ಜನವರಿಯಲ್ಲಿ ಆರಾಮಾಗಿ ಓಡಿದ 8 ಕಿ.ಮೀ. ಏಪ್ರಿಲ್‌ನಲ್ಲಿ ಪ್ರಾಣ ತೆಗೆಯುತ್ತದೆ. ಬೇಸಿಗೆಯಲ್ಲಿ ಬಿಟ್ಟುಬಿಡುವುದೇ ವಾಸಿಯೇ? ನೀರು ಎಷ್ಟು ಕುಡಿಯಬೇಕು? — ಬಳ್ಳಾರಿ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಗುವವರ ಊರಿನಲ್ಲಿ ಬೇಸಿಗೆ ಬಿಟ್ಟರೆ ಓಡಲು ಉಳಿಯುವುದೇನು? ಬಿಡಬೇಡಿ. ಜನವರಿಯ ಗಡಿಯಾರವನ್ನು ಮಾತ್ರ ಏಪ್ರಿಲ್‌ಗೆ ತರಬೇಡಿ.

ಬಿಸಿಯಲ್ಲಿ ಹೃದಯಕ್ಕೆ ಎರಡು ಚಾಕರಿ. ಕಾಲಿಗೂ ರಕ್ತ ಕೊಡಬೇಕು, ಮೈ ತಣಿಸಲು ಚರ್ಮಕ್ಕೂ ಕೊಡಬೇಕು. ಹೀಗಾಗಿ ಅದೇ ವೇಗಕ್ಕೆ ಎದೆಬಡಿತ ಏರುತ್ತದೆ. ಜನವರಿಯಲ್ಲಿ ಕಿಲೋಮೀಟರಿಗೆ 6:30 ನಿಮಿಷದಲ್ಲಿ ಓಡುತ್ತಿದ್ದವರು ಏಪ್ರಿಲ್‌ನಲ್ಲಿ 7 ಅಥವಾ 7:15ಕ್ಕೆ ಇಳಿದರೆ ಮೈಗೆ ಆಗುವ ಕೆಲಸ ಅಷ್ಟೇ. ಹಿಂದೆ ಬಿದ್ದೆ ಎಂದುಕೊಳ್ಳುವುದೇ ಮನಸ್ಸು ಮುರಿಯುವ ಜಾಗ. ಹಾಗಾಗಿ ಮಾರ್ಚ್‌ನಿಂದ ಜೂನ್‌ವರೆಗೆ ಕಿಲೋಮೀಟರ್ ಬಿಟ್ಟು ನಿಮಿಷ ಎಣಿಸಿ. 45 ನಿಮಿಷ ಎಂದರೆ 45 ನಿಮಿಷ, ಎಷ್ಟು ದೂರವಾದರೂ ಸರಿ.

ಮೈ ಬಿಸಿಗೆ ಹೊಂದಿಕೊಳ್ಳಲು ಸುಮಾರು 10ರಿಂದ 14 ದಿನ ಬೇಕು. ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ರಕ್ತದ ನೀರಿನಂಶ ಹೆಚ್ಚುತ್ತದೆ. ಈ ಎರಡು ವಾರ ಹೊತ್ತನ್ನು ಅರ್ಧಕ್ಕೆ ಇಳಿಸಿ ಮೆಲ್ಲಗೆ ಏರಿಸಿ. ಮೂರು-ನಾಲ್ಕು ವಾರ ಪೂರ್ತಿ ಎ.ಸಿ.ಯಲ್ಲೇ ಕುಳಿತರೆ ಗಳಿಸಿದ್ದು ಹೋಗುತ್ತದೆ, ಮತ್ತೆ ಮೊದಲಿನಿಂದ.

ಹೊತ್ತಿನ ವಿಷಯ. ನಮ್ಮ ಕಡೆ ಮೇ ಕೊನೆಗೆ ಸೂರ್ಯ ಮೂಡುವುದು 5:50ರ ಸುಮಾರಿಗೆ, ಜನವರಿಯಲ್ಲಿ 6:50ರ ಹೊತ್ತಿಗೆ. ದಿನದ ಅತಿ ತಂಪು ಹೊತ್ತು ಸೂರ್ಯ ಮೂಡುವ ಆಸುಪಾಸು. ಬೇಸಿಗೆಯಲ್ಲಿ 5ಕ್ಕೆ ಹೊರಟು 6:15ರ ಒಳಗೆ ಮನೆ ಸೇರಿಬಿಡಿ. ಸಂಜೆ ಓಡುವವರು ಮೋಸಹೋಗುವುದು ಇಲ್ಲೇ: ಬಿಸಿಲು ಇಳಿದಿದೆ ಎಂದು 6ಕ್ಕೆ ಹೊರಟರೆ ಡಾಂಬರು, ಸಿಮೆಂಟ್, ಬಳ್ಳಾರಿ ಗುಡ್ಡದಂಥ ಬಂಡೆ ಎಲ್ಲವೂ ಹಗಲು ಕುಡಿದ ಕಾವನ್ನು ಉಗುಳುತ್ತಿರುತ್ತವೆ. ಸಂಜೆಯೇ ಅನಿವಾರ್ಯವಾದರೆ ಮಣ್ಣಿನ ಗ್ರೌಂಡು, 8ರ ಮೇಲೆ. ಅದಿರಿನ ಲಾರಿ ಓಡಾಡುವ ರಸ್ತೆಯಂತೂ ಯಾವ ಹೊತ್ತಿಗೂ ಬೇಡ, ಏದುಸಿರಿನಲ್ಲಿ ಆ ಕೆಂಧೂಳು ಎದೆಯ ಆಳಕ್ಕೆ ಹೋಗುತ್ತದೆ.

ನೀರಿನ ಲೆಕ್ಕವನ್ನು ನಿಮ್ಮ ಮೈಯಿಂದಲೇ ತೆಗೆಯಿರಿ. ಮೂತ್ರಕ್ಕೆ ಹೋಗಿ ಬಂದು, ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಓಡಿ ಬಂದು, ಬೆವರು ಒರೆಸಿ ಮತ್ತೆ ನೋಡಿ. 62 ಕಿಲೋ ಇದ್ದದ್ದು 60.9 ಆಗಿ, ನಡುವೆ 300 ಮಿ.ಲೀ. ನೀರು ಕುಡಿದಿದ್ದರೆ, ಗಂಟೆಗೆ ನಿಮ್ಮ ಬೆವರು ಸುಮಾರು 1.4 ಲೀಟರ್. ಅದನ್ನೆಲ್ಲ ಓಡುತ್ತಲೇ ತುಂಬಬೇಕಿಲ್ಲ. ತೂಕದ ನೂರಕ್ಕೆ ಎರಡರಷ್ಟು ಇಳಿಯುವವರೆಗೆ ಹೆಚ್ಚಿನವರಿಗೆ ತೊಂದರೆಯಿಲ್ಲ, ಅದನ್ನು ಮೀರಿದರೆ ಕಾಲು ಭಾರವಾಗುತ್ತದೆ. 45 ನಿಮಿಷದೊಳಗಿನ ಓಟಕ್ಕೆ ಹೊರಡುವ ಮುಂಚೆ ಒಂದು ಲೋಟ ಸಾಕು. ಅದಕ್ಕಿಂತ ಉದ್ದದ ಓಟಕ್ಕೆ ಗಂಟೆಗೆ 400ರಿಂದ 800 ಮಿ.ಲೀ., ಬಾಯಾರಿಕೆ ನೋಡಿಕೊಂಡು, ಗುಟುಕು ಗುಟುಕಾಗಿ.

ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಮಂಕು, ಕೊನೆಗೆ ಫಿಟ್ಸ್‌ವರೆಗೂ ಹೋಗಬಹುದು. ಓಟಕ್ಕೆ ಹೋಗಿ ಬಂದವರ ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದಾರೆ ಎಂದೇ ಅರ್ಥ. ಮನೆಗೆ ಬಂದ ಮೇಲೆ ಅರ್ಧ ಲೀಟರ್ ಮಜ್ಜಿಗೆಗೆ ಕಾಲು ಚಮಚ ಉಪ್ಪು ಹಾಕಿ ಕುಡಿಯಿರಿ. ಬಣ್ಣದ ಬಾಟಲಿಗಿಂತ ಅದು ಏನೂ ಕಡಿಮೆಯಿಲ್ಲ. ಉದ್ದ ಓಟದ ದಿನ ಓ.ಆರ್.ಎಸ್. ಪೊಟ್ಟಣ ಆದೀತು. ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟಕ್ಕೇ ಕಲಸಿ. ಲೋಟಕ್ಕೆ ಪೂರ್ತಿ ಪೊಟ್ಟಣ ಸುರಿದರೆ ಹೊಟ್ಟೆ ಕೆಡುತ್ತದೆ.

ಜೊತೆಗಾರ ಓಡುತ್ತ ತಡವರಿಸಿದರೆ, ಪ್ರಶ್ನೆಗೆ ಏನೇನೋ ಉತ್ತರ ಕೊಟ್ಟರೆ, ಅದು ಸುಸ್ತಲ್ಲ, ಬಿಸಿಲಾಘಾತ ಇರಬಹುದು. ಬೆವರು ನಿಂತಿರಲೇಬೇಕು ಎಂದೇನಿಲ್ಲ, ಮೈತುಂಬ ಬೆವರಿದ್ದರೂ ಆಗುತ್ತದೆ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಕೈಗೆ ಸಿಕ್ಕ ತಣ್ಣೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಮಂಕಾದವರ ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್ ಬರುವವರೆಗೂ ನೀರು ಸುರಿಯುವುದು ನಿಲ್ಲಬಾರದು.

ಸ್ಟಾಫ್ ನರ್ಸ್ ಆಗಿದ್ದೇನೆ, 31 ವರ್ಷ. ಒಬ್ಬಳೇ ಹೋಗಬೇಕು. ನಾಯಿಗಳ ಕಾಟ, ಜನ ನೋಡುವ ರೀತಿ, ಮನೆಯಲ್ಲಿ "ಕತ್ತಲಾಗ ಯಾಕವ್ವಾ" ಅನ್ನುವ ಮಾತು. ಕಾಲುವೆ ದಂಡೆಯಲ್ಲಿ ಓಡಬಹುದೇ? — ಸಿಂಧನೂರು

ತುಂಗಭದ್ರಾ ಎಡದಂಡೆ ಕಾಲುವೆಯ ದಂಡೆ ಸಮತಟ್ಟು, ವಾಹನ ಕಡಿಮೆ, ಓಡಲು ಚಂದವೇ. ಆದರೆ ಒಬ್ಬರೇ ಇದ್ದಾಗ, ಅದೂ ನಸುಕಿನಲ್ಲಿ, ನಾವು ಅದನ್ನು ಹೇಳುವುದಿಲ್ಲ. ಕರೆದರೆ ಕೇಳುವವರಿಲ್ಲ, ಗದ್ದೆಯ ಕಡೆಯಿಂದ ಹಾವು ಬಂದು ದಾರಿಯಲ್ಲಿ ಬಿದ್ದಿರುತ್ತವೆ, ಮಳೆಗಾಲದಲ್ಲಿ ಅಂಚು ಜಾರುತ್ತದೆ, ನೀರು ಬಿಟ್ಟ ಕಾಲುವೆಗೆ ಬಿದ್ದರೆ ಇಳಿಜಾರಿನ ಸಿಮೆಂಟಿನಲ್ಲಿ ಹತ್ತಿ ಬರುವುದು ಈಜು ಬಲ್ಲವರಿಗೂ ಕಷ್ಟ. ಇಬ್ಬರು-ಮೂವರಾದ ದಿನ, ಬೆಳಕು ಹರಿದ ಮೇಲೆ ಹೋಗಿ.

ಒಬ್ಬರೇ ಇರುವ ದಿನ ವಾಕಿಂಗ್ ಜನ ಇರುವ ಗ್ರೌಂಡಿನಲ್ಲಿ ಸುತ್ತು ಹಾಕಿ. ಬೇಜಾರು ಎನ್ನುತ್ತೀರಿ, ಒಪ್ಪುತ್ತೇವೆ. ಐದು ಸುತ್ತಿಗೊಮ್ಮೆ ದಿಕ್ಕು ಬದಲಿಸಿ. ಅದು ಬೇಜಾರಿಗಷ್ಟೇ ಅಲ್ಲ, ಒಂದೇ ಕಡೆ ತಿರುಗಿ ತಿರುಗಿ ಒಂದೇ ಕಾಲಿಗೆ ಭಾರ ಬೀಳುವುದೂ ತಪ್ಪುತ್ತದೆ. ಅಲ್ಲಿ ದಿನವೂ ನಡೆಯುವ ಹೆಂಗಸರಲ್ಲಿ ಇಬ್ಬರನ್ನು ಮಾತಾಡಿಸಿ, ಅವರು ಓಡದಿದ್ದರೂ ಪರವಾಗಿಲ್ಲ. "ನಾಳೆ 5:45, ಗೇಟ್ ಹತ್ತಿರ" ಎಂದು ಒಬ್ಬರಿಗೆ ಕೊಟ್ಟ ಮಾತು ಹತ್ತು ಅಲಾರಂಗೆ ಸಮ. ಮನೆಯವರ ಆತಂಕಕ್ಕೂ ಅದೇ ಉತ್ತರ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಮಾತ್ರ ಓಟ ಬೇಡ. ನಿದ್ದೆ ಮಾಡಿ, ಸಂಜೆ ನಡೆಯಿರಿ.

ರಸ್ತೆಯಲ್ಲಿ ಓಡುವಾಗ ಬಲಬದಿಗೆ, ಎದುರು ಬರುವ ವಾಹನ ಕಾಣುವಂತೆ. ಕಿವಿಗೆ ಇಯರ್‌ಫೋನ್ ಬೇಡ. ಮೈಗೆ ಹಿಡಿದು ಕೂರುವ ಸ್ಪೋರ್ಟ್ಸ್ ಬ್ರಾ ಶೂಗಿಂತ ಮೊದಲು ಕೊಳ್ಳಬೇಕಾದ ವಸ್ತು, ಸಾಮಾನ್ಯ ಬ್ರಾದಲ್ಲಿ ಓಡಿ ಎದೆ, ಬೆನ್ನು ನೋವೆಂದು ಬಿಡುವವರು ಎಷ್ಟೋ ಜನ. ನಾಯಿ ಎದುರಾದರೆ ಓಟ ನಿಲ್ಲಿಸಿ, ಬೆನ್ನು ತೋರಿಸದೆ, ಕಣ್ಣಲ್ಲಿ ಕಣ್ಣಿಡದೆ ಮೆಲ್ಲಗೆ ಹಿಂದೆ ಸರಿಯಿರಿ. ಅವು ಬೆನ್ನಟ್ಟುವುದು ಓಡುವ ಕಾಲನ್ನು. ಕಚ್ಚಿದರೆ, ಉಗುರು ತಾಗಿ ಗೀರಿ ರಕ್ತ ಬಂದರೂ, ಸೋಪು ಹಚ್ಚಿ ಹರಿವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಚುಚ್ಚುಮದ್ದು. ಇದನ್ನು ನಿಮಗೆ ಹೇಳಬೇಕಿಲ್ಲ ಸಿಸ್ಟರ್, ಓದುವ ಉಳಿದವರಿಗಾಗಿ ಬರೆದೆವು.

29 ವರ್ಷ, ವಾರಕ್ಕೆ ಮೂರು ಸಲ 5 ಕಿ.ಮೀ. ಓಡುತ್ತೇನೆ, 35 ನಿಮಿಷ ಹಿಡಿಯುತ್ತದೆ. ಹಾಫ್ ಮ್ಯಾರಥಾನ್ (21 ಕಿ.ಮೀ.) ಓಡುವ ಆಸೆ. ಯಾವುದಕ್ಕೆ ಹೆಸರು ಕೊಡಲಿ, ಹೇಗೆ ತಯಾರಾಗಲಿ? ಗುರಿ ಇದ್ದರೆ ಮನಸ್ಸು ನಿಲ್ಲುತ್ತದೆ ಅನ್ನುತ್ತಾರೆ, ನಿಜವೇ? — ಕೊಪ್ಪಳ

ಗುರಿ ಎಳೆದುಕೊಂಡು ಹೋಗುತ್ತದೆ, ನಿಜ. ಆದರೆ ತಪ್ಪು ತಿಂಗಳಿನ ಗುರಿ ಮುಳುಗಿಸುತ್ತದೆ. ಹೈದರಾಬಾದ್ ಮ್ಯಾರಥಾನ್ ಹತ್ತಿರ ಎಂದು ನಮ್ಮ ಭಾಗದ ಹಲವರು ಅದಕ್ಕೇ ಹೆಸರು ಕೊಡುತ್ತಾರೆ. ಅದು ಆಗಸ್ಟ್‌ನಲ್ಲಿ. ಅಂದರೆ ಉದ್ದ ಓಟದ ಅಡಿಪಾಯ ಏಪ್ರಿಲ್, ಮೇ, ಜೂನ್‌ನ ಕೊಪ್ಪಳದ ಬಿಸಿಲಿನಲ್ಲಿ ಬೀಳಬೇಕು. ಮೊದಲ ಸಲದವರಿಗೆ ಅದು ಶಿಕ್ಷೆ. ಜನವರಿಯಲ್ಲಿ ನಡೆಯುವ ಮುಂಬೈನಂಥ ಓಟಕ್ಕಾದರೆ ಸೆಪ್ಟೆಂಬರ್ ಕೊನೆಯಿಂದ 16 ವಾರ ಸಿಗುತ್ತದೆ, ಹವೆಯೂ ದಿನೇದಿನೇ ತಣ್ಣಗಾಗುತ್ತದೆ. ಜನವರಿ ಗವಿಮಠದ ಜಾತ್ರೆಯ ತಿಂಗಳೂ ಹೌದು. ಜಾತ್ರೆಯಲ್ಲಿ ದಿನಗಟ್ಟಲೆ ನಿಂತು ನಡೆದ ಕಾಲಿಗೂ ವಿಶ್ರಾಂತಿ ಬೇಕೆಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ವಾರಕ್ಕೆ ನಾಲ್ಕು ದಿನ ಓಟ. ಮಂಗಳವಾರ, ಶನಿವಾರ 5-6 ಕಿ.ಮೀ. ಹಗುರವಾಗಿ. ಗುರುವಾರ ಮೊದಲ ಆರು ವಾರ ಹಗುರ ಓಟದ ಕೊನೆಗೆ 20 ಸೆಕೆಂಡಿನ ಆರು ಚುರುಕು ಓಟ, ನಡುವೆ ಒಂದು ನಿಮಿಷ ನಡಿಗೆ. ಏಳನೇ ವಾರದಿಂದ ಗುರುವಾರ ಹದಿನೈದು ನಿಮಿಷ ಬಿರುಸಾಗಿ, ಅಂದರೆ ಮೂರು-ನಾಲ್ಕು ಪದ ಮಾತ್ರ ಆಡಲು ಬರುವ ವೇಗದಲ್ಲಿ ಓಡಿ, ಮೆಲ್ಲಗೆ 25 ನಿಮಿಷಕ್ಕೆ ಏರಿಸಿ. ಭಾನುವಾರ ಉದ್ದ ಓಟ: 6, 7, 8, ನಾಲ್ಕನೇ ವಾರ ಮತ್ತೆ 6. ಆಮೇಲೆ 9, 10, 12, ಇಳಿಸಿ 9. ಮುಂದೆ 13, 14, 16, ಇಳಿಸಿ 12. ಹದಿಮೂರನೇ ವಾರ 18, ಅದೇ ಗರಿಷ್ಠ. ನಂತರ 14, 10, ಹದಿನಾರನೇ ಭಾನುವಾರ ಓಟ. ಪ್ರತಿ ನಾಲ್ಕನೇ ವಾರ ಇಳಿಸುವುದನ್ನು ಹುರುಪಿನಲ್ಲಿ ಹಾರಿಸಬೇಡಿ. ಮೈ ಗಟ್ಟಿಯಾಗುವುದು ಆ ವಾರವೇ. 21 ಕಿ.ಮೀ. ಮೊದಲೇ ಓಡಿ ನೋಡಬೇಕೆಂಬ ಚಡಪಡಿಕೆಯೂ ಬೇಡ, 18 ಓಡಿದವರು 21 ಮುಗಿಸುತ್ತಾರೆ.

ನಿಮ್ಮ 35 ನಿಮಿಷದ ಲೆಕ್ಕ ಹಿಡಿದರೆ ಮೊದಲ ಹಾಫ್‌ಗೆ ಎರಡೂವರೆ ಗಂಟೆ ನ್ಯಾಯವಾದ ಗುರಿ. 21.0975 ಕಿ.ಮೀ.ಗೆ 150 ನಿಮಿಷ ಎಂದರೆ ಕಿಲೋಮೀಟರಿಗೆ 7:07. ಭಾನುವಾರದ ಉದ್ದ ಓಟವನ್ನು ಆ ವೇಗದಲ್ಲಿ ಓಡಬೇಡಿ, 7:45ರಿಂದ 8:15ರ ನಡುವೆ ಇರಲಿ. ಓಟದ ದಿನ ಮೊದಲ 5 ಕಿ.ಮೀ. 7:20ರಲ್ಲಿ ಹೋಗಿ. ಡೋಲು-ತಮಟೆ, ಜನರ ಕೂಗಿಗೆ ಮೊದಲ ಎರಡು ಕಿಲೋಮೀಟರನ್ನು 6:15ರಲ್ಲಿ ಓಡಿದವರು 15ರ ಕಲ್ಲಿನ ಬಳಿ ಕೂತಿರುತ್ತಾರೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಕೊಪ್ಪಳದವರಿಗೆ ಒಂದು ಮಾತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ದಿನನಿತ್ಯಕ್ಕೆ ಬಂಗಾರದಂಥ ಊಟ. ಉದ್ದ ಓಟದ ಹಿಂದಿನ ರಾತ್ರಿ ಮಾತ್ರ ನಾರು, ಎಣ್ಣೆ ಕಡಿಮೆ ಮಾಡಿ ಅನ್ನ, ತಿಳಿಸಾರು, ಮೊಸರು ಇರಲಿ. ಇಲ್ಲದಿದ್ದರೆ 8ನೇ ಕಿಲೋಮೀಟರಿನಲ್ಲಿ ಹೊಟ್ಟೆ ಶೌಚಾಲಯ ಹುಡುಕುತ್ತದೆ. ಬೆಳಿಗ್ಗೆ ಒಂದು ಗಂಟೆ ಮೊದಲು ಎರಡು ಬಾಳೆಹಣ್ಣು. ಓಟ 90 ನಿಮಿಷ ದಾಟುವುದಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. 20 ಗ್ರಾಂ ಬೆಲ್ಲದ ತುಂಡಿನಲ್ಲಿ ಸುಮಾರು 18 ಗ್ರಾಂ, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. 40ನೇ ನಿಮಿಷದಿಂದಲೇ ಸ್ವಲ್ಪ ಸ್ವಲ್ಪ ತಿನ್ನುತ್ತ ಹೋಗಿ, ಸುಸ್ತಾದ ಮೇಲೆ ತಿಂದರೆ ತಡವಾಯಿತು. ಓಟದ ದಿನ ಏನು ತಿನ್ನುತ್ತೀರೋ ಅದನ್ನು ಕನಿಷ್ಠ ಮೂರು ಭಾನುವಾರ ತಿಂದು ನೋಡಿರಬೇಕು. ಮುಗಿಸಿ ಬಂದು ಒಗ್ಗರಣಿ-ಮಿರ್ಚಿ ತಿನ್ನುವುದಕ್ಕೆ ನಮ್ಮ ತಕರಾರಿಲ್ಲ, ಜೊತೆಗೆ ಎರಡು-ಮೂರು ಮೊಟ್ಟೆಯೋ ಒಂದು ಬಟ್ಟಲು ಹೆಸರುಕಾಳೋ ಇರಲಿ.

ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಓಡಿ ಹತ್ತಿದರೆ ತಯಾರಿ ಆಗುತ್ತದೆಯೇ ಎಂದು ಇನ್ನೂ ಇಬ್ಬರು ಕೇಳಿದ್ದಾರೆ. ಹತ್ತುವುದು ಒಳ್ಳೆಯದೇ. ತೊಡೆ ಹಿಡಿಯುವುದು ಇಳಿಯುವಾಗ, ನೋವು ಎರಡನೇ ದಿನ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಸಾಕು, ಓಟಕ್ಕೆ ಮೂರು ವಾರ ಇರುವಾಗ ನಿಲ್ಲಿಸಿ. ಶನಿವಾರ ಭಕ್ತರ ದಟ್ಟಣೆಯಲ್ಲಿ ಓಡಿ ಬೈಸಿಕೊಳ್ಳಬೇಡಿ.

ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ಮಾಡಕತ್ತೀನಿ. 1600 ಮೀಟರ್ 6 ನಿಮಿಷ 30 ಸೆಕೆಂಡಿಗೆ ಮುಗಿಸಬೇಕು, ನನಗ 7:05 ಆಗ್ತದ. ದಿನಾ ಫುಲ್ ಸ್ಪೀಡ್‌ನಾಗ ಟ್ರೈ ಮಾಡ್ತೀನಿ, ಎರಡು ತಿಂಗಳಾತು, ಟೈಮ್ ಇಳಿಯವಲ್ದು. ಈಗ ಮೊಣಕಾಲ ಕೆಳಗ ಎಲುಬು ನೋಯಾಕತ್ತದ. — ಮಾನ್ವಿ

ದಿನಾ ಪರೀಕ್ಷೆ ಬರೆದರೆ ಓದುವುದು ಯಾವಾಗ ತಮ್ಮಾ? ದಿನವೂ ಫುಲ್ ಸ್ಪೀಡ್ ಅನ್ನುವುದೇ ಟೈಮ್ ಇಳಿಯದಿರಲೂ ಎಲುಬು ನೋಯಲೂ ಕಾರಣ.

ಮೊದಲು ನೋವು. ಮೊಣಕಾಲ ಕೆಳಗಿನ ಎಲುಬಿನ ಒಳಅಂಚಿನಲ್ಲಿ ಬೆರಳಿಂದ ಒತ್ತುತ್ತ ಹೋಗು. ಒಂದು ಗೇಣಿನಷ್ಟು ಉದ್ದಕ್ಕೂ ನೋವು ಹರಡಿದ್ದು, ಓಟದ ಆರಂಭದಲ್ಲಿ ಹೆಚ್ಚಿದ್ದು ಆಮೇಲೆ ಕಮ್ಮಿಯಾದರೆ ಅದು ಶಿನ್ ಸ್ಪ್ಲಿಂಟ್ಸ್. ಒಂದೇ ಬೆರಳ ತುದಿಯಷ್ಟು ಜಾಗದಲ್ಲಿ ಚುರ್ ಎಂದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಆ ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ ಎಲುಬಿನಲ್ಲಿ ಕೂದಲೆಳೆ ಸೀಳು ಇರಬಹುದು. ಓಟ ಅಂದೇ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸು. ಈ ಸೀಳು ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ಹಾಗಾಗಿ "ಎಕ್ಸ್‌ರೇ ಕ್ಲಿಯರ್" ಎಂದು ಮರುದಿನವೇ ಗ್ರೌಂಡಿಗೆ ಇಳಿಯಬೇಡ.

ಹರಡಿದ ನೋವಾದರೆ ಎರಡು ವಾರ ಓಟ ಅರ್ಧ ಮಾಡಿ, ಅದೂ ಮಣ್ಣಿನಲ್ಲಿ, ಹಗುರವಾಗಿ. ಮೆಟ್ಟಿಲ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು ಹಿಮ್ಮಡಿ ಎತ್ತಿ ಮೆಲ್ಲಗೆ ಇಳಿಸುವುದು 15ರಂತೆ ಮೂರು ಸಲ. ಗೋಡೆಗೆ ಬೆನ್ನು ಒರಗಿಸಿ, ಪಾದಗಳನ್ನು ಒಂದಡಿ ಮುಂದಿಟ್ಟು, ಹಿಮ್ಮಡಿ ಊರಿ ಬೆರಳುಗಳನ್ನು ಮೇಲೆತ್ತುವುದು 15ರಂತೆ ಮೂರು ಸಲ. ದಿನ ಬಿಟ್ಟು ದಿನ.

ಈಗ ಟೈಮ್. 6:30 ಎಂದರೆ 390 ಸೆಕೆಂಡ್, 400 ಮೀಟರಿನ ಒಂದು ರೌಂಡಿಗೆ 97.5. ನೀನು ಮೊದಲ ರೌಂಡ್ 82ರಲ್ಲಿ ಹಾರಿ, ಮೂರನೆಯದು 115ಕ್ಕೆ ಬೀಳುತ್ತಿರಬಹುದು. ಗೆಳೆಯನ ಕೈಗೆ ಮೊಬೈಲ್ ಕೊಟ್ಟು ಪ್ರತಿ ರೌಂಡನ್ನೂ ಬರೆಸು. ಗ್ರೌಂಡ್ ಅಳತೆಯೂ ನೋಡಿಕೋ: 400 ಮೀಟರ್ ಇರುವುದು ಒಳಗಿನ ಮೊದಲ ಲೇನ್ ಮಾತ್ರ, ಎಂಟನೇ ಲೇನಿನಲ್ಲಿ ಒಂದು ಸುತ್ತು ಸುಮಾರು 453 ಮೀಟರ್.

ನೋವು ಪೂರ್ತಿ ಹೋದ ಮೇಲೆ ವಾರಕ್ಕೆ ಎರಡೇ ದಿನ ಬಿರುಸು. ಒಂದು ದಿನ 400 ಮೀಟರ್ ಆರು ಸಲ, ಪ್ರತಿಯೊಂದೂ 96ರಿಂದ 98 ಸೆಕೆಂಡ್, ನಡುವೆ 2 ನಿಮಿಷ ನಡಿಗೆ. ಎರಡು ವಾರಕ್ಕೊಂದು ಸೇರಿಸಿ ಎಂಟಕ್ಕೆ ಏರಿಸು. ಮೂರು ದಿನ ಬಿಟ್ಟು 800 ಮೀಟರ್ ಮೂರು ಸಲ, 3:15ರಂತೆ, ನಡುವೆ 3 ನಿಮಿಷ. ಇನ್ನೆರಡು ದಿನ 30-40 ನಿಮಿಷ ಮಾತಾಡುತ್ತ ಓಡುವ ಹಗುರ ಓಟ. ಉಳಿದದ್ದು ವಿಶ್ರಾಂತಿ. ಪೂರ್ತಿ 1600ರ ಟ್ರಯಲ್ ಮೂರು ವಾರಕ್ಕೊಮ್ಮೆ ಮಾತ್ರ. ಅಂದು 96, 98, 98, 95 ಹೀಗೆ ಓಡಿದರೆ 6:27.

ವಯಸ್ಸು 52, ಅಂಗಡಿ ವ್ಯಾಪಾರ. ಶುಗರ್, ಬಿ.ಪಿ. ಎರಡಕ್ಕೂ ಮಾತ್ರೆ. ಮಗ ಓಡು ಅನ್ನುತ್ತಾನೆ. ಓಡಲೇ? — ಗಂಗಾವತಿ

ಮೊದಲು ಡಾಕ್ಟರು, ಇ.ಸಿ.ಜಿ., ಆಮೇಲೆ ಮಗನ ಮಾತು. ಅವರು ಒಪ್ಪಿದರೂ ಮೂರು ತಿಂಗಳು ನಡಿಗೆಯೇ ಇರಲಿ: 20 ನಿಮಿಷದಿಂದ ಶುರುಮಾಡಿ 45ಕ್ಕೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಾದರೆ ಹೊರಡುವ ಮುನ್ನ ಶುಗರ್ ನೋಡಿಕೊಳ್ಳಿ. 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಿ. ಜೇಬಿನಲ್ಲಿ ಗ್ಲೂಕೋಸ್ ಇಲ್ಲವೇ ಸಕ್ಕರೆ ಇರಲೇಬೇಕು, ಕೈ ನಡುಗಿ ತಣ್ಣನೆ ಬೆವರು ಬಂದರೆ ಮೂರು ಚಮಚ ಬಾಯಿಗೆ. ಮನೆಗೆ ಬಂದ ಮೇಲೆ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ, ನೋಯದ ಗುಳ್ಳೆಯೇ ಹೆಚ್ಚು ಅಪಾಯ. ನಡೆಯುವಾಗ ಎದೆ ಹಿಡಿದಂತೆ, ದವಡೆಗೋ ಎಡಗೈಗೋ ನೋವು ಇಳಿದಂತೆ ಆದರೆ ಅಲ್ಲೇ ಕುಳಿತು 108.

ಶೂ ಯಾವುದು ಕೊಳ್ಳಲಿ? ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನಲ್ಲಿ ಓಡಲಿಕ್ಕೇ ಆಗುವುದಿಲ್ಲ. — ಕುಷ್ಟಗಿ

ಹೆಸರಿಗಿಂತ ಅಳತೆ ಮುಖ್ಯ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಓಡುವ ಸಾಕ್ಸ್ ಹಾಕಿಕೊಂಡು ಅಂಗಡಿಗೆ ಹೋಗಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಬೇಕು, ಹಿಮ್ಮಡಿ ಜಾರಬಾರದು. ಕೊಂಡ ದಿನಾಂಕವನ್ನು ಶೂ ನಾಲಿಗೆಯ ಒಳಗೆ ಪೆನ್ನಿನಲ್ಲಿ ಬರೆದಿಡಿ. 500ರಿಂದ 800 ಕಿ.ಮೀ.ಗೆ ಒಳಗಿನ ಮೆತ್ತೆ ಸತ್ತಿರುತ್ತದೆ, ಮೇಲೆ ಹೊಸದರಂತೆ ಕಂಡರೂ. ತೊಳೆದರೆ ನೆರಳಲ್ಲಿ, ಒಳಗೆ ಪತ್ರಿಕೆ ತುರುಕಿ ಒಣಗಿಸಿ. ನಮ್ಮ ಬಿಸಿಲಿಗೆ ಇಟ್ಟರೆ ಗೋಂದು ಬಿಡುತ್ತದೆ. ಎರೆ ಹಸಿಯಾದರೆ ಒಂದೊಂದು ಶೂಗೂ ಮಣ್ಣು ಮೆತ್ತಿ ಕಾಲು ಹೊರಳುತ್ತದೆ. ಅಂಥ ದಿನ ಮಸಾರಿ ನೆಲಕ್ಕೋ ಡಾಂಬರಿಗೋ ಹೋಗಿ, ಇಲ್ಲವೇ ಮನೆಯಲ್ಲೇ 20 ನಿಮಿಷ ಬಸ್ಕಿ, ಹಿಮ್ಮಡಿ ಎತ್ತುವುದು, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರವಾಗಿ ಹಿಡಿಯುವುದು).

ಕಳೆದ ಜನವರಿಯಲ್ಲಿ ಮೊದಲ ಹಾಫ್ ಮುಗಿಸಿದೆ. ಮೆಡಲ್ ಗೋಡೆಗೆ ಹಾಕಿದ ಮೇಲೆ ಮೂರು ತಿಂಗಳಾಯಿತು, ಶೂ ಮುಟ್ಟಲೂ ಮನಸ್ಸಿಲ್ಲ. ಎಲ್ಲ ಹಾಳಾಯಿತೇ? — ಸಂಡೂರು

ಹಾಳಾಗಿಲ್ಲ, ಖಾಲಿಯಾಗಿದೆ. ನಾಲ್ಕು ತಿಂಗಳು ಪ್ರತಿ ಭಾನುವಾರಕ್ಕೂ ಒಂದು ಅಂಕಿ ಇತ್ತು, ಈಗ ಇಲ್ಲ. ಓಟ ಮುಗಿದ ಮೇಲೆ ಎರಡು ವಾರ ಬೇಕೆಂದೇ ಬಿಟ್ಟು, ಮೂರನೇ ವಾರಕ್ಕೆ ದಿನಾಂಕ ಗುರುತು ಹಾಕಿಕೊಂಡಿದ್ದರೆ ಇಷ್ಟು ಎಳೆಯುತ್ತಿರಲಿಲ್ಲ. ಮುಂದಿನ ಸಲಕ್ಕೆ ನೆನಪಿಡಿ.

ಮೂರು ತಿಂಗಳಿನಲ್ಲಿ ದಮ್ಮು ಸಾಕಷ್ಟು ಇಳಿದಿರುತ್ತದೆ, ಹಳೆಯ ವೇಗ ನೆನೆದು ಹೊರಟರೆ ಮೊದಲ ದಿನವೇ ಮುಖಭಂಗ. ಹಳೆಯ ವಾರದ ಕಿಲೋಮೀಟರಿನ ಮೂರನೇ ಒಂದು ಪಾಲಿನಿಂದ ಶುರುಮಾಡಿ ಎಂಟು ವಾರದಲ್ಲಿ ಮೇಲೇರಿ. ಹಿಂದೆ ಓಡಿದ ಮೈಗೆ ಎರಡನೇ ಸಲ ಬೇಗ ಬರುತ್ತದೆ. ಅದೇ ರಸ್ತೆ, ಅದೇ ಸುತ್ತು ಬೇಡ. ನಿಮ್ಮ ಊರಿನ ಸುತ್ತ ಗುಡ್ಡವಿದೆ, ಈ ಮೂರು ಜಿಲ್ಲೆಯಲ್ಲಿ ಆ ಭಾಗ್ಯ ಹೆಚ್ಚಿನವರಿಗಿಲ್ಲ. ಲಾರಿ ದಾರಿ ಬಿಟ್ಟು, ಜನ ಓಡಾಡುವ ಕಾಲುದಾರಿಯಲ್ಲಿ ಏರು ಬಂದರೆ ನಡೆಯಿರಿ, ಸಮ ಬಂದರೆ ಓಡಿ, ಇಳಿತದಲ್ಲಿ ಸಣ್ಣ ಹೆಜ್ಜೆ. ವಾಚ್ ಮನೆಯಲ್ಲಿರಲಿ. ಆರು ವಾರ ಹೀಗೆ ಹೋಗಿ, ಆಮೇಲೆ ಹೊಸಬರೊಬ್ಬರನ್ನು ಜೊತೆಗೆ ಕರೆದುಕೊಂಡು ಅವರ 5 ಕಿ.ಮೀ.ಗೆ ನೀವೇ ವೇಗ ಹಿಡಿಯಿರಿ. ಹೆಸರು ಕೊಡುವ ಯೋಚನೆ ಆಗಸ್ಟ್‌ಗೆ ಇಟ್ಟುಕೊಳ್ಳಿ.